ಅತ್ತೆಗೆ ಯಾವ ಮೋಡ್?

ಹೋಟೆಲಿನ ಮೆನು ಕಾರ್ಡನ್ನು ಮೊದಲಿಂದ ಕೊನೆವರೆಗೆ ಓದಿ, ಆಮೇಲೆ ಮಸಾಲೆ ದೋಸೆಯನ್ನೇ ಹೇಳುವ ಜನ ಇದ್ದಾರಲ್ಲ, ಅವರಲ್ಲಿ ನಾನೂ ಒಬ್ಬ. ಆಯ್ಕೆ ಜಾಸ್ತಿಯಾದಷ್ಟೂ ನನ್ನ ಕೈ ಬೆವರುತ್ತದೆ. ಇಂಥವನಿಗೆ ನನ್ನ ಮಗಳು ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಟ್ಟಳು. ಹಳೇ ಕ್ಯಾಮೆರಾ ಈಗ ಮತ್ತೆ ಫ್ಯಾಷನ್ ಅಂತ ತರಿಸಿಕೊಂಡಿದ್ದಳು, ತಿಂಗಳೊಳಗೆ ಬೇಜಾರಾಗಿತ್ತು.

ಅದರಲ್ಲಿ ಹದಿನೆಂಟು ಸೀನ್ ಮೋಡ್; ಎದುರಿಗಿರುವುದು ಏನೆಂದು ನೋಡಿ ನಾವೇ ಒಂದನ್ನು ಆರಿಸಬೇಕು. ಮುಖಕ್ಕೊಂದು, ಊಟಕ್ಕೊಂದು, ಪಟಾಕಿಗೊಂದು, ಮಗುವಿಗೆ ಎರಡು. ಹಿಮಕ್ಕೊಂದು, ಕಡಲತೀರಕ್ಕೊಂದು, ಮಾಗಡಿಯಲ್ಲಿ ನಮಗೆ ಇವೆರಡಕ್ಕೂ ಬರ. ಹಿರಿಯರು ಇಡೀ ಲೋಕದ ಭಾವವನ್ನು ಒಂಬತ್ತು ರಸದಲ್ಲಿ ಮುಗಿಸಿದ್ದರು. ಅಂಗೈಯಗಲದ ಈ ಡಬ್ಬಿಗೆ ಅದರ ಎರಡರಷ್ಟು ಬೇಕಾಯಿತು. ಹಾಸ್ಯಕ್ಕೆ ಮಾತ್ರ ಮೋಡ್ ಇರಲಿಲ್ಲ. ಅದನ್ನು ನಾನೇ ಒದಗಿಸಬೇಕಿತ್ತು.

ಸುದ್ದಿ ದೊಡ್ಡಆಲಹಳ್ಳಿಯ ನನ್ನ ಸೋದರತ್ತೆ ಪುಟ್ಟತಾಯಮ್ಮನವರಿಗೆ ಮುಟ್ಟಿತು. ಫೋನ್ ಮಾಡಿದರು.

"ನಾನ್ ಸತ್ಮೇಲೆ ಗೋಡೆಗೆ ಹಾಕೋ ಫೋಟೋ ತೆಗಿಬೇಕು, ಬಾರ್ಲಾ. ನಾನೇ ನೋಡಿ ಒಪ್ಪಬೇಕು. ನಿಮ್ಮಾವನ ಗತಿ ನೋಡಿದ್ದೀಯಲ್ಲ."

ನೋಡಿದ್ದೆ. ಮಾವ ತೀರಿಹೋದಾಗ ಮನೆಯಲ್ಲಿ ಸಿಕ್ಕಿದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿದ್ದರಿಂದ, ಯಾರಿಗೂ ಕೇಡು ಬಯಸದ ಆ ಮನುಷ್ಯ ಈಗ ಕೋಳಿ ಕದ್ದು ಸಿಕ್ಕಿಬಿದ್ದವರಂತೆ ಗೋಡೆಯಿಂದ ನೋಡುತ್ತಾರೆ.

ರಾಮನಗರ, ಕನಕಪುರ ಅಂತ ಮೂರು ಬಸ್ಸು ಬದಲಾಯಿಸಿಕೊಂಡು, ದಾರಿಯುದ್ದಕ್ಕೂ ಮೋಡುಗಳನ್ನು ಬಾಯಿಪಾಠ ಮಾಡುತ್ತಾ ಹೋದೆ. ಅತ್ತೆ ರೇಷ್ಮೆ ಸೀರೆ ಉಟ್ಟು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊಸೆ ಮಂಜುಳಾ ಪಕ್ಕದಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು.

ಮುಖದ ಮೋಡ್ ಹಾಕಿದೆ. ಕ್ಯಾಮೆರಾ ಸುಕ್ಕನ್ನೆಲ್ಲ ಒರೆಸಿಬಿಟ್ಟಿತು. "ಇದ್ಯಾರ್ಲಾ ಈವಮ್ಮ?" ಅಂದರು ಅತ್ತೆ. ಸೂರ್ಯಾಸ್ತದ ಮೋಡಿನಲ್ಲಿ ಕುಂಕುಮದ ಭರಣಿಗೆ ಬಿದ್ದು ಎದ್ದಂತಿದ್ದರು. ಹಿಮದ್ದು ಹಾಕಿದೆ. "ಇನ್ನೂ ಬದ್ಕಿವ್ನಿ ಕಣ್ಲಾ, ಈಗ್ಲೇ ಇಂಗ್ ಬೆಳ್ಳಗೆ ಮಾಡ್ಬುಟ್ಯಾ?" ಊಟದ ಮೋಡಿನಲ್ಲಿ ಅತ್ತೆಯ ಮುಖ ಬಾಣಲೆಯಿಂದ ಆಗತಾನೆ ಎತ್ತಿದ ಬೋಂಡದಂತೆ ಮಿರಮಿರ ಮಿಂಚಿತು. ಮಂಜುಳಾ ಬಾಚಣಿಗೆ ಬೀಳಿಸಿ, ಅದನ್ನು ಬಹಳ ಹೊತ್ತು ಹುಡುಕಿದಳು.

ನಾನು ಮುಂದಿನ ಮೋಡಿಗೆ ತಿರುಗಿಸುವಷ್ಟರಲ್ಲಿ ಒಣಹಾಕಿದ್ದ ರಾಗಿಗೆ ಮೇಕೆ ಬಾಯಿಟ್ಟಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಗಾಬರಿಯಲ್ಲಿ ನಾನು ಬಟನ್ ಒತ್ತಿಬಿಟ್ಟೆ. ಎತ್ತಿದ ಕೈ, ತೆರೆದ ಬಾಯಿ, ಕೆಂಡದಂಥ ಕಣ್ಣು. ಅಳಿಸಲು ಹೊರಟಿದ್ದೆ.

"ತಡಿ. ತತ್ತಾ ಇಲ್ಲಿ," ಅಂದರು. ಬಹಳ ಹೊತ್ತು ನೋಡಿದರು. ದನಿ ಸ್ವಲ್ಪ ಇಳಿಯಿತು. "ಇದು ನಾನು ಕಣ್ಲಾ. ಇಷ್ಟು ವರ್ಷ ಈ ಮನೆ ಕಾದೋಳು ಇವ್ಳೇ. ಇದ್ನೇ ಕಟ್ಟು ಹಾಕ್ಸು."

ಆಮೇಲೆ ಪರದೆಯ ಮೂಲೆ ತೋರಿಸಿದರು. "ಇದೇನ್ಲಾ, ಹೆಜ್ಜೆ ಗುರುತು?"

ಅದು ನಾಯಿಬೆಕ್ಕುಗಳ ಮೋಡು. ಸುಳ್ಳು ಹೇಳಬಾರದು ಅಂತ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿರುವ ಮೇಷ್ಟ್ರು ನಾನು.

"ಲಕ್ಷ್ಮಿ ಪಾದ, ಅತ್ತೆ," ಅಂದೆ.

ಅತ್ತೆ ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡರು.

ಕಟ್ಟು ಹಾಕಿಸಿ ಕಳಿಸಿದೆ. ಅತ್ತೆ ಸಾಯುವವರೆಗೆ ಕಾಯಲಿಲ್ಲ. ಅಡುಗೆಮನೆ ಬಾಗಿಲಿಗೆ ಎದುರಾಗಿ ಆವತ್ತೇ ಮೊಳೆ ಹೊಡೆಸಿದರು. ವಾರದ ಮೇಲೆ ಮಂಜುಳಾ ಫೋನ್ ಮಾಡಿದಳು.

"ಅಣ್ಣ, ಮೊದ್ಲು ಒಬ್ರೇ ಇದ್ರು, ಈಗ ಇಬ್ರಾಗವ್ರೆ. ನಂದೂ ಒಂದು ತೆಕ್ಕೊಡಿ. ಎದುರು ಗೋಡೆ ಖಾಲಿ ಐತೆ."

ಭಾನುವಾರ ಹೋಗುತ್ತಿದ್ದೇನೆ. ಯಾವ ಮೋಡ್ ಅಂತ ಈಗ ತಲೆ ಕೆಡಿಸಿಕೊಳ್ಳುವುದಿಲ್ಲ. ಮನುಷ್ಯರು ಫೋಟೋ ಮರೆತು ತಾವಾಗುವ ತನಕ ಕಾದರೆ ಸಾಕು. ಆದರೆ ಮಂಜುಳಾ ಬಲು ಸಮಾಧಾನದ ಹೆಣ್ಣುಮಗಳು. ಅವಳಿಗೆ ಕೋಪ ಬರುವುದನ್ನು ಕಾಯಬೇಕೆಂದರೆ ಸೋಮವಾರವೂ ರಜೆ ಹಾಕಬೇಕಾದೀತು.