ಬೆನ್ನಿಗೆ ಬೆನ್ನಾದ ಗೂಡುಗಳು

ಸರ್ರನೆ ಮಣ್ಣು ಉದುರಿತು. ಬತ್ತಿ ಹೊಸೆಯುತ್ತಿದ್ದ ಗುರುಶಾಂತಮ್ಮ ತಲೆಯೆತ್ತಿದಳು. ಗೋಡೆಯ ಗೂಡಿನಲ್ಲಿದ್ದ ವೀರಭದ್ರನ ವಿಗ್ರಹದ ಹೆಗಲ ಮೇಲೆ ಕೆಂಪು ಹುಡಿ.

ತರೀಕೆರೆಯ ಪುರಸಭೆ ನೌಕರರ ಆ ಲೈನು ಮಹಾರಾಜರ ಕಾಲದ್ದು. ಒಂದೇ ಹೆಂಚಿನ ಸೂರು, ಉದ್ದಕ್ಕೂ ಒಂದೇ ಜಗಲಿ, ಸಾಲು ಮನೆಗಳು. ಒಲೆಯ ಹೊಗೆ ಹೊರಹೋಗಲೆಂದು ನಡುಗೋಡೆಗಳನ್ನು ಸೂರಿಗೆ ಮುಟ್ಟಿಸದೆ ಮೊಳದಷ್ಟು ಬಿಟ್ಟಿದ್ದರು. ಪ್ರತಿ ಗೋಡೆಯ ಮೇಲೂ ನಟ್ಟನಡುವೆ ಒಂದು ಮೋಟುಗಂಬ ನಿಂತು ತೊಲೆ ಹೊತ್ತಿತ್ತು. ಊರಿಗೆ ನೀರು ಬಿಡುವ ಕೆಲಸದವನ ಕೈಹಿಡಿದು ಬುಕ್ಕಾಂಬುಧಿಯಿಂದ ಇಲ್ಲಿಗೆ ಬಂದವಳು ಗುರುಶಾಂತಮ್ಮ. ಗಂಡ ತೀರಿಕೊಂಡ ಮೇಲೆ ಪುರಸಭೆ ಕಚೇರಿಗೆ ಕುಡಿಯುವ ನೀರು ಹೊತ್ತು ಈ ಮನೆ ಉಳಿಸಿಕೊಂಡಿದ್ದಳು.

ದೇವರ ಮುಖ ಮೂಡಲಿಗಿರಬೇಕೆಂಬುದು ಅವಳ ತವರಿನ ಪದ್ಧತಿ. ಅದಕ್ಕೇ ಪಡುವಣ ಗೋಡೆಯಲ್ಲಿ ಗೂಡು ಕೊರೆಸಿದ್ದಳು. ಕೈಮುಗಿಯುವವರ ಮುಖ ಮೂಡಲಿಗಿರಬೇಕೆಂಬುದು ಪಕ್ಕದ ಮನೆ ಲಕ್ಕಣ್ಣನ ಪದ್ಧತಿ. ಅವನು ಕೊರೆಸಿದ್ದು ಮೂಡಣ ಗೋಡೆಯನ್ನು. ಎರಡೂ ಒಂದೇ ಗೋಡೆ. ಎರಡು ಗೂಡೂ ತೊಲೆಯ ಭಾರವೆಲ್ಲ ಇಳಿಯುವ ಮೋಟುಗಂಬದ ಕೆಳಗೇ. ಅದು ತಿಳಿದದ್ದು ನಿನ್ನೆ, ಅವಳು ಸಿಕ್ಕಿಸಿದ ಊದುಬತ್ತಿ ಆಚೆಗೆ ತೂರಿ ಅವನ ಮನೆದೇವತೆ ಕೆಂಚಮ್ಮನಿಗೆ ಚುಚ್ಚಿದಾಗ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಳೆಗಾಲ, ಮಳೆ ಬಿಟ್ಟಿರಲಿಲ್ಲ. ಸಂಜೆಗೆ ಗೋಡೆ ನೋಡಲು ಪುರಸಭೆ ಇಂಜಿನಿಯರು ಬರುವವನಿದ್ದ. ಗೋಡೆ ನಿಲ್ಲುವುದಿಲ್ಲವೆಂದು ಅವನು ಬರೆದರೆ ಲೈನೆಲ್ಲ ಖಾಲಿ. ಎರಡು ಗೂಡಿಗೂ ಒಟ್ಟಿಗೇ ಇಟ್ಟಿಗೆ ತುಂಬಬೇಕು, ಒಂದನ್ನೇ ತುಂಬಿದರೆ ಗೋಡೆ ಆಚೆಗೆ ಉಬ್ಬೀತು ಎಂದು ಗಾರೆಯವನು ಜಗಲಿಯಲ್ಲಿ ಇಟ್ಟಿಗೆ ಪೇರಿಸಿ ಹೇಳಿಹೋಗಿದ್ದ.

"ಲಕ್ಕಣ್ಣಾ, ಮತ್ತೆ ಉದುರ್ತು ಕಣೋ."

ಗೋಡೆಯ ಮೇಲಿನ ಸಂದಿನಿಂದ ದನಿ ಬಂತು. "ನಮ್ಮ ಕಡೀನೂ ಉದುರ್ತು. ನಿಮ್ಮ ವೀರಭದ್ರಪ್ಪ ಕುಣೀತಾವ್ನೇನಕ್ಕಾ?"

"ತಮಾಷೆ ಸಾಕು. ನಿಮ್ಮ ಕೆಂಚಮ್ಮನ್ನ ಇಳಿಸು."

"ಕೂತ ದೇವ್ರನ್ನ ಎಬ್ಬುಸ್ದೋನ ಮನೆ ಉಳೀತದಾ? ಮೊದ್ಲು ನಿಮ್ಮಪ್ಪ ಇಳೀಲಿ. ಆಮೇಲೆ ನೋಡಾನ."

ತೊಲೆ ಕಿರ್ ಎಂದಿತು. ಲಕ್ಕಣ್ಣನ ಕೂಸು ಆಚೆ ನಿದ್ದೆಯಲ್ಲಿ ಮುಲುಕಿತು.

ಗುರುಶಾಂತಮ್ಮ ಗೂಡಿನ ಮುಂದೆ ನಿಂತಳು. ಗಂಡ ತಾನೇ ಕೂರಿಸಿದ್ದ ವೀರಭದ್ರ. ಕಣ್ಣಿಗೊತ್ತಿಕೊಂಡು ಎತ್ತಿದಳು. ಬರಿದಾದ ಗೂಡಿನ ತೂತಿನಿಂದ ಆಚೆ ಮನೆಯ ದೀಪ ಕಂಡಿತು.

"ಇಳ್ಸಿದೀನಿ ಕಣೋ."

ಆಚೆ ಲಕ್ಕಣ್ಣ ರಾಗ ಎಳೆದ. "ಆದ್ರೂ ಅಕ್ಕಾ, ಅಮಾಸೆ ಕಳೀಲಿ. ನನ್ನ ಹೆತ್ತವ್ವನ್ನೂ ಒಂದ್ಮಾತು ಕೇಳ್ಬೇಕು. ನೀನು ಬೇಜಾರು ಮಾಡ್ಕಬ್ಯಾಡ, ನಾನೇನು ಆಗಲ್ಲ ಅಂದ್ನಾ..."

ಲಕ್ಕಣ್ಣ ಗೋಡೆಗೆ ಹೇಳುತ್ತಲೇ ಇದ್ದ. ಗುರುಶಾಂತಮ್ಮ ಆಗಲೇ ಜಗಲಿಗಿಳಿದು, ಸೆರಗಿನಲ್ಲಿ ವೀರಭದ್ರ, ಕೈಯಲ್ಲಿ ಅವನ ಗೂಡಿಗೆಂದು ಒಂದು ಇಟ್ಟಿಗೆ, ಅವನ ಬಾಗಿಲ ಕಡೆ ನಡೆದಿದ್ದಳು.