ಬುಡ ಮೇಲಾದ ಕಂಬ

ಶಾಂತಮ್ಮ, ನಮ್ಮ ದೇವದುರ್ಗದ ಮನೆಯ ಮಣ್ಣಿನ ಮಾಳಿಗೆ ಕುಸಿದು ನಮ್ಮವ್ವನ ಕಾಲು ಮುರಿದದ್ದು ನನ್ನಿಂದ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ನೀನು ನನ್ನ ತಮ್ಮ ಯಂಕಪ್ಪನ ಕೈಹಿಡಿದು ಮಾನ್ವಿಯಿಂದ ಬಂದ ಹೊಸ ಸೊಸೆ. ನಿನ್ನ ಕಾಲ್ಗುಣ ಸರಿಯಿಲ್ಲವೆಂದು ಎಲ್ಲರೂ ಸೇರಿ ನಿನ್ನನ್ನು ತವರಿಗೆ ಕಳಿಸಿದರಲ್ಲ, ಒಂದೇ ಮಾತಿನಲ್ಲಿ ಅದನ್ನು ತಡೆಯಬಹುದಾಗಿದ್ದವನು ನಾನೊಬ್ಬನೇ. ಆ ಮಾತು ಆಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ನನ್ನ ಜಂಬವೂ ಬರುತ್ತದೆ, ಅದರ ಸದ್ದಿನಲ್ಲಿ ಈ ಮಾತು ಮುಚ್ಚಿಹೋಗಬಾರದು.

ಜಂಬ ನನಗೆ ಹುಟ್ಟಿನಿಂದ ಬಂದದ್ದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರೆ, ನೋಡೇಬಿಡೋಣ ಎಂದವನು ನಾನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಬಸ್ ಕಂಡಕ್ಟರ್ — ಒಂದು ದಿನ ರಾಯಚೂರಿನ ಕಡೆ, ಇನ್ನೊಂದು ದಿನ ಮಾನ್ವಿಯ ಕಡೆ. ಬಸ್ಸಿನಲ್ಲಿ ಎಂಥೆಂಥವರು ಹತ್ತುತ್ತಾರೆ! ಗಬ್ಬೂರಿನ ಗೌಂಡಿಯೊಬ್ಬ ಅಡಿಪಾಯದ ಸಂಗತಿ ಹೇಳುತ್ತಿದ್ದ, ಬಡಿಗನೊಬ್ಬ ಜಂತಿ ತೊಲೆಗಳ ಲೆಕ್ಕ ಬಿಡಿಸುತ್ತಿದ್ದ. ಟಿಕೆಟ್ ಹರಿಯುತ್ತಲೇ ಎಲ್ಲವನ್ನೂ ಕಲಿತೆನೆಂದು ತಿಳಿದೆ. ಗೌಂಡಿ ಬೇಡ, ನಾನೇ ಕಟ್ಟುತ್ತೇನೆ ಎಂದಾಗ ನನ್ನ ಹೆಂಡತಿ ಸೆರಗು ಸಿಕ್ಕಿಸಿ ಮಣ್ಣು ತುಳಿಯಲು ಇಳಿದಳು.

ಮೊದಲನೆಯ ಗೋಡೆ ಎದೆಮಟ್ಟಕ್ಕೆ ಬಂದು, ಬಳಲಿದವನ ಹಾಗೆ ಬೀದಿಯ ಕಡೆ ವಾಲಿ ಮಲಗಿತು. ಓಣಿಯವರು ನಕ್ಕರು. 'ಅದು ನೋಡಾಕ ಕಟ್ಟಿದ್ದು' ಎಂದೆ ನಾನು. ಮತ್ತೆ ಕಟ್ಟಿದೆ. ಬಾಗಿಲ ಚೌಕಟ್ಟನ್ನು ಹಿಂದುಮುಂದಾಗಿ ನಿಲ್ಲಿಸಿ, ಕಿತ್ತು, ಮತ್ತೆ ನಿಲ್ಲಿಸಿದೆ. ಎರಡನೆಯ ಸಲ ಕಟ್ಟಿದ ಗೋಡೆಗಳು ಇವತ್ತಿಗೂ ಕೂದಲೆಳೆಯಷ್ಟೂ ಬಿರಿದಿಲ್ಲ — ಈ ಮಾತನ್ನು ನಾನು ತಲೆ ಎತ್ತಿಯೇ ಹೇಳುತ್ತೇನೆ. ಸೂಟಿ ಸಿಕ್ಕಾಗಲೆಲ್ಲ ಕೈಯೆಲ್ಲ ಮಣ್ಣು. ಆ ಸುಖ ನನಗೆ ಮತ್ತೆಂದೂ ಸಿಗಲಿಲ್ಲ, ಶಾಂತಮ್ಮ. ಅದಕ್ಕೇ ಇರಬೇಕು, ಆ ಮನೆಯ ಹೆಸರು ಕೆಡುವುದು ನನಗೆ —

ಇರಲಿ. ಕಂಬದ ಮಾತಿಗೆ ಬರುತ್ತೇನೆ.

ನಡುಮನೆಗೆ ಬೇವಿನ ಕಂಬಗಳು ಬೇಕಿದ್ದವು. ಅರಕೇರಾದ ಬಡಿಗ ಕೆತ್ತಿಕೊಟ್ಟ. ಮರ ನೆಲದಲ್ಲಿ ಹೇಗೆ ನಿಂತಿತ್ತೋ ಕಂಬವೂ ಹಾಗೇ ನಿಲ್ಲಬೇಕು — ಬುಡ ಕೆಳಗೆ, ತುದಿ ಮೇಲೆ. ಬುಡ ಮೇಲಾದರೆ ಆ ಮನೆಗೆ ಏಳಿಗೆ ಇಲ್ಲ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಚೌಕಾಗಿ ಕೆತ್ತಿದ ಕಂಬದಲ್ಲಿ ಬುಡ ಯಾವುದು, ತುದಿ ಯಾವುದು ತಿಳಿಯುವುದಿಲ್ಲವೆಂದು ಬಡಿಗ ಪ್ರತಿ ಕಂಬದ ಬುಡಕ್ಕೂ ಕೆಂಪು ಬಟ್ಟೆಯ ಚೂರು ಕಟ್ಟಿಕೊಟ್ಟಿದ್ದ. ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಹೊರಟೆ. ದಾರಿಯಲ್ಲಿ ಸಂತೆಗೆ ಹೊರಟ ಮುದುಕಿಯೊಬ್ಬಳು ಮೇಲೆ ಇಡಿಸಿದ್ದ ಕೋಳಿಬುಟ್ಟಿಯ ಬಾಯಿ ಬಿಚ್ಚಿಕೊಂಡಿತು. ಕೋಳಿಗಳ ಗದ್ದಲ, ಮುದುಕಿಯ ಬೈಗುಳ. ನಾನು ಮೇಲೆ ಹತ್ತಿ, ಕೈಗೆ ಸಿಕ್ಕ ಬಟ್ಟೆಯ ಚೂರನ್ನು ಬಿಚ್ಚಿ ಬುಟ್ಟಿಗೆ ಬಿಗಿದೆ. ಒಂದು ಕಂಬ ಗುರುತಿಲ್ಲದಂತಾಯಿತು.

ಕಂಬ ನಿಲ್ಲಿಸುವ ದಿನ ಅವ್ವ ಅರಿಷಿಣ ಕುಂಕುಮ ಹಿಡಿದು ನಿಂತಿದ್ದಳು. "ಬುಡ ಯಾವುದು ನೋಡಿ ನಿಲ್ಲಿಸೋ," ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಬಡಿಗನನ್ನೇ ಕರೆಸುತ್ತಿದ್ದರು, ಅಷ್ಟೇ. "ನನಗ ತಿಳೀದೇನಬೇ? ಇದೇ ಬುಡ," ಎಂದೆ. ಅವ್ವ ಕುಂಕುಮ ಹಚ್ಚಿದಳು. ಕಂಬ ನಿಂತಿತು.

ನಿನ್ನ ಮದುವೆಗೆ ಮುಂಚೆ, ಕಂಬಗಳಿಗೆ ಎಣ್ಣೆ ಹಚ್ಚೋಣವೆಂದು ಉಜ್ಜುತ್ತಿದ್ದೆ. ಧೂಳು ಹೋದಂತೆ ಆ ಕಂಬದಲ್ಲಿ ಟೊಂಗೆ ಕಡಿದ ಗಂಟೊಂದು ಕಾಣಿಸಿತು. ಟೊಂಗೆ ಯಾವ ಮರದಲ್ಲಾದರೂ ಮೇಲೆ ಮುಖ ಮಾಡಿ ಬೆಳೆಯುತ್ತದೆ. ಈ ಗಂಟು ನೆಲ ನೋಡುತ್ತಿತ್ತು. ನನ್ನ ಕೈ ಅಲ್ಲಿಯೇ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ. ಮರ ಕೆತ್ತುವ ಬಾಚಿ ತಂದು ಗಂಟನ್ನು ಮೇಲುಮೇಲೆ ಹೆರೆದು, ಎಣ್ಣೆ ಬೇಡವೆಂದು ಎಲ್ಲ ಕಂಬಗಳಿಗೂ ದಟ್ಟ ಹಸಿರು ಬಣ್ಣ ಬಳಿದೆ. ನಿಲ್ಲಿಸಿದಾಗ ಆದದ್ದು ತಪ್ಪು. ಬಣ್ಣ ಬಳಿದದ್ದು ತಪ್ಪಲ್ಲ, ಮೋಸ. ಬಂದವರೆಲ್ಲ ಬಣ್ಣ ಚೆನ್ನಾಗಿದೆ ಎಂದರು.

ನೀನು ಸೇರಕ್ಕಿ ಒದ್ದು, ಬಲಗಾಲಿಟ್ಟು ಒಳಗೆ ಬಂದೆ. ಆ ವರ್ಷದ ಮಳೆಗಾಲದಲ್ಲಿ ನಡುಮನೆಯ ಮಾಳಿಗೆ ಕುಸಿಯಿತು. ಕೆಳಗೆ ಕೂತು ಕಾಳು ಹಸನು ಮಾಡುತ್ತಿದ್ದ ಅವ್ವನ ಕಾಲಿನ ಮೇಲೆ ಜಂತಿ ಬಿತ್ತು. ಕೂಗು ಕೇಳಿ ಮೊದಲು ಓಡಿಬಂದು ಜಂತಿ ಎತ್ತಿದವಳು ನೀನೇ. ಮಾಳಿಗೆ ಕುಸಿದದ್ದು ಯಾಕೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಮಣ್ಣು ದಪ್ಪವಿದ್ದಷ್ಟೂ ಮನೆ ತಂಪು ಎಂದು, ಆ ಗಬ್ಬೂರಿನ ಗೌಂಡಿ ಬೇಡವೆಂದರೂ ಕೇಳದೆ, ನಾನು ಮಾಳಿಗೆಯ ಮೇಲೆ ಬೇಕಾಬಿಟ್ಟಿ ಮಣ್ಣು ಹೇರಿದ್ದೆ. ಅದು ನೀರು ಕುಡಿದು ಭಾರವಾಯಿತು. ಬುಡ ಮೇಲಾದ ಕಂಬದ ಪಾಲು ಇದರಲ್ಲಿ ಇತ್ತೋ ಇಲ್ಲವೋ, ನಾನು ಹೇಳಲಾರೆ. ಎರಡೂ ನನ್ನ ಕೈಯ ಕೆಲಸವೇ.

ಅವ್ವ ಹಾಸಿಗೆಯಲ್ಲಿ ನರಳುತ್ತ, "ಈಕಿ ಕಾಲಿಟ್ಟಳು, ನನ್ನ ಕಾಲು ಹೋತು," ಎನ್ನತೊಡಗಿದಳು. ಹಿರಿಯನಾದ ನಮ್ಮ ಸೋದರಮಾವನನ್ನು ಕರೆಸಿದರು. ಆತ ಒಳ್ಳೆಯವನು, ಶಾಂತಮ್ಮ. ನಿನ್ನ ಮೇಲೆ ಒಮ್ಮೆಲೇ ಹೊರಿಸಲಿಲ್ಲ. ನಡುಮನೆಯಲ್ಲಿ ನಿಂತು ಸುತ್ತ ನೋಡಿ, ನನ್ನನ್ನು ಕೇಳಿದ: "ಕಂಬದಾಗೇನರ ತಪ್ಪದ ಏನಪಾ? ಬುಡ ತುದಿ ನೋಡಿ ನಿಲ್ಲಿಸೀಯೋ ಇಲ್ಲೋ? ಖರೇ ಹೇಳು. ಕಂಬದ ತಪ್ಪಿದ್ರ ಹುಡುಗೀನ ಯಾಕ ಅನ್ನೋಣು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಎದೆ ಸೆಟೆಸಿ ನಿಂತೆ. ನೀನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ, ನಿನ್ನ ಬಳೆಯ ಸದ್ದು ಕೇಳಿಸುತ್ತಿತ್ತು. ಯಂಕಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಎಲ್ಲಾ ಬುಡ ಕೆಳಗ ಮಾಡೇ ನಿಲ್ಲಿಸೀನಿ, ಮಾವ," ಎಂದೆ.

ಮಾವ ನಿಟ್ಟುಸಿರು ಬಿಟ್ಟ. ಇನ್ನು ಉಳಿದದ್ದು ನಿನ್ನ ಕಾಲ್ಗುಣವೊಂದೇ.

ನಿನ್ನನ್ನು ಕಳಿಸಿದ್ದು ನನ್ನ ಬಸ್ಸಿನಲ್ಲಿಯೇ. ಯಂಕಪ್ಪ ಅವ್ವನ ಮಾತು ಮೀರಲಾರದೆ, ಬೆಳಿಗ್ಗೆಯೇ ರಾಯಚೂರಿನ ಹತ್ತಿ ಗಿರಣಿಯ ಕೆಲಸಕ್ಕೆಂದು ಹೋಗಿಬಿಟ್ಟಿದ್ದ. ದೇವದುರ್ಗದಿಂದ ಮಾನ್ವಿಯವರೆಗೆ ನಾನು ನಿನ್ನ ಸೀಟಿನ ಹತ್ತಿರ ಸುಳಿಯಲಿಲ್ಲ. ಮಾನ್ವಿಯಲ್ಲಿ ನಿನ್ನ ಟ್ರಂಕನ್ನು ಮೇಲಿನಿಂದ ಇಳಿಸಿಕೊಟ್ಟೆ. ಗಂಡನ ಅಣ್ಣನ ಎದುರು ಮಾತಾಡುವ ರೂಢಿ ನಿನಗಿರಲಿಲ್ಲ. ಆದರೂ ಸೆರಗು ಸರಿಪಡಿಸಿಕೊಂಡು ಅಂದೆ: "ಭಾವಾರ, ಮನಿ ಕಟ್ಟಿದವರು ನೀವು. ನನ್ನ ಕಾಲಾಗ ಅಂಥಾದ್ದೇನದರಿ? ನೀವರ ಹೇಳ್ರಿ."

ನಾನು ಸೀಟಿ ಊದಿದೆ. ಬಸ್ಸು ಹೊರಟಿತು.

ಆಮೇಲಿನದು ನಿನಗೆ ಗೊತ್ತೇ ಇದೆ. ಯಂಕಪ್ಪನಿಗೆ ನನಗಿಂತ ಹೆಚ್ಚು ಗಂಡಸುತನವಿತ್ತು. ತಡವಾಗಿಯಾದರೂ ಮಾನ್ವಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗಿ ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದ. ನಾನು ಆ ಕಂಬವನ್ನು ಹಾಗೇ ಬಿಟ್ಟು ಮಾಳಿಗೆಯನ್ನು ಮತ್ತೆ ಕಟ್ಟಿದೆ, ಈ ಸಲ ಮಣ್ಣು ಹದವಾಗಿ ಹಾಕಿ. ಅದು ಗಟ್ಟಿಯಾಗಿ ನಿಂತಿತು. ಆದರೆ ಜನ ಅದಕ್ಕೂ ಬೇರೆ ಅರ್ಥ ಮಾಡಿದರು: ಆಕೆ ಹೋದಳು, ಮನೆ ನಿಂತಿತು ಎಂದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಅವ್ವ ತೀರಿಕೊಂಡಾಗ ನೀನು ಬಂದಿದ್ದೆ. ಅಂಗಳದಲ್ಲಿಯೇ ನಿಂತುಬಿಟ್ಟೆ. ನನ್ನ ಹೆಂಡತಿ ಕೈಹಿಡಿದು ಒಳಗೆ ಕರೆದರೆ, "ಬ್ಯಾಡಕ್ಕಾ, ಮತ್ತೇನರ ಆದೀತು," ಎಂದೆ. ಕುಹಕವಿರಲಿಲ್ಲ ಆ ಮಾತಿನಲ್ಲಿ. ನೀನೇ ಅದನ್ನು ನಂಬಿಬಿಟ್ಟಿದ್ದೆ — ಅಷ್ಟು ವರ್ಷ ಕೇಳಿ ಕೇಳಿ ನಂಬಿದ್ದೆ. ಶವದ ಮುಂದೆ ಕೂತಿದ್ದ ನನಗೆ ಅಳು ಬಂತು. ಅವ್ವನಿಗಾಗಿ ಅಳುತ್ತಿದ್ದೇನೆ ಎಂದುಕೊಂಡರು.

ಈಗ ನನ್ನ ಮಗನಿಗೆ ಹೆಣ್ಣು ಗೊತ್ತಾಗಿದೆ. ವೀಳ್ಯದ ದಿನ ಬಂಧುಗಳೆಲ್ಲ ನಡುಮನೆಯಲ್ಲಿ ಕೂತಿದ್ದಾಗ ನನ್ನ ಹೆಂಡತಿ ಸಹಜವಾಗಿ ಅಂದಳು: "ಹುಡುಗಿ ಕಾಲ್ಗುಣ ಹ್ಯಾಂಗದೋ ಏನೋ." ನಾನು ಎದ್ದು ಹೋಗಿ ಬಾಚಿ ತಂದೆ. ಎಲ್ಲರ ಕಣ್ಣೆದುರಿಗೇ ಕಂಬದ ಬಣ್ಣ ಹೆರೆದೆ. ಗಂಟಿನ ಗುರುತು ಇನ್ನೂ ಅಲ್ಲೇ ಇತ್ತು, ನೆಲ ನೋಡುತ್ತ. ಕೋಳಿಬುಟ್ಟಿಯಿಂದ ಹಿಡಿದು ಮಾನ್ವಿಯ ಬಸ್‌ಸ್ಟ್ಯಾಂಡಿನವರೆಗೆ ಎಲ್ಲ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಮುದುಕನಾದ ಮಾವ ಗಂಟನ್ನು ಬೆರಳಿನಿಂದ ಸವರಿ, "ಹೋಗ್ಲಿ ಬಿಡಪಾ, ಹಳೇ ಮಾತು. ಮನಿ ಅಂತೂ ನಿಂತದಲ್ಲ," ಎಂದ. ಎಲ್ಲರೂ ತಲೆಯಾಡಿಸಿ ಊಟಕ್ಕೆದ್ದರು. ಮಾಡಿದವನಿಗೆ ಅರೆಗಳಿಗೆಯಲ್ಲಿ ಕ್ಷಮೆ ಸಿಕ್ಕಿತು. ಏನೂ ಮಾಡದ ನಿನಗೆ ಇಷ್ಟು ವರ್ಷವಾದರೂ ಯಾರೂ — ನಾನು ಎಲೆ ಬಿಟ್ಟು ಎದ್ದೆ, ಶಾಂತಮ್ಮ. ನನ್ನ ಬಗ್ಗೆ ನನಗೆ ನಿಜವಾಗಿ ನಾಚಿಕೆಯಾದದ್ದು ಆಗಲೇ.

ಕಂಬಕ್ಕೆ ಮತ್ತೆ ಬಣ್ಣ ಬಳಿಯಬೇಡವೆಂದು ಮನೆಯಲ್ಲಿ ಹೇಳಿದ್ದೇನೆ. ಮದುವೆಗೆ ಬಂದವರು ಕೇಳಿದರೆ ನಾನೇ ಹೇಳುತ್ತೇನೆ, ನಿನ್ನ ಹೆಸರು ಹಿಡಿದು, ಎಲ್ಲರಿಗೂ ಕೇಳಿಸುವಂತೆ. ಕಂಡಕ್ಟರ್ ಗಂಟಲು, ಇನ್ನೂ ಕೆಟ್ಟಿಲ್ಲ. ಆದರೆ ನೀನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದು ನನ್ನನ್ನು. ಉತ್ತರವನ್ನು ನಿನ್ನ ಎದುರಿಗೇ ಹೇಳಬೇಕು. ಈ ಕಾಗದವನ್ನು ಇವತ್ತು ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ, ನಾಳೆ ಬೆಳಗಿನ ಬಸ್ಸಿಗೆ ನಾನೇ ರಾಯಚೂರಿಗೆ ಬರುತ್ತಿದ್ದೇನೆ. ಒಳಗೆ ಕರೆಯಬೇಡ. ನಾನು ಹೊಸ್ತಿಲ ಹೊರಗೆ ನಿಂತೇ ಹೇಳುತ್ತೇನೆ.