ಪರದೆಯ ಹಿಂದೆ ಎಲ್ಲರಿಗೂ ಒಂದೇ ಪ್ರಶ್ನೆ

ಡಾಕ್ಟರ ಕೋಣೆಯ ಆ ಪರದೆ ಹಸಿರು ಬಣ್ಣದ್ದು ಅಂತ ನನ್ನ ನೆನಪು. ನೀಲಿ ಅಂತ ಹೆಂಡತಿಯ ವಾದ. ಯಾವುದನ್ನೂ ಸುಮ್ಮನೆ ನಂಬಬಾರದು ಅನ್ನುವುದನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತವನು ನಾನು. ಹಾಗಾಗಿ ನನ್ನ ನೆನಪನ್ನೂ ನಂಬುವುದಿಲ್ಲ, ಅವಳದನ್ನೂ ನಂಬುವುದಿಲ್ಲ. ಪರದೆ ಇತ್ತು ಅನ್ನುವಷ್ಟಕ್ಕೆ ಇಬ್ಬರದೂ ಒಪ್ಪಿಗೆ.

ಅವಳಿಗೆ ಬಿಳಿ ಹೋಗುವುದು, ಉರಿ, ಕಿಬ್ಬೊಟ್ಟೆ ನೋವು. ಕಲಬುರಗಿಯ ಡಾಕ್ಟರಮ್ಮ ಕೊಟ್ಟ ಗುಳಿಗೆಗೆ ಕಡಿಮೆಯಾದದ್ದು ಮತ್ತೆ ಬಂತು. ಗಂಡನೂ ತೋರಿಸಿಕೊಂಡು ಔಷಧ ತೆಗೆದುಕೊಳ್ಳದಿದ್ದರೆ ಇದು ಹೀಗೇ ಬರುತ್ತಿರುತ್ತದೆ ಎಂದು ಅವರು ಹೇಳಿ ಕಳಿಸಿದರು.

"ನಿಮ್ಮ ನಾಚಿಕಿಗಿ ನಾ ಯಾಕ ತ್ರಾಸ ಪಡಬೇಕ್ರಿ?" ಅಂದಳು ಹೆಂಡತಿ. ತೋರಿಸಿಕೊಳ್ಳಲು ಒಪ್ಪಿದೆ; ಯಾರ ಹತ್ತಿರ ಅನ್ನುವುದೇ ಪ್ರಶ್ನೆಯಾಯಿತು.

ಸೇಡಂನಲ್ಲಿ ನಮ್ಮ ಮನೆಗೆ ಕಾಯಂ ಡಾಕ್ಟರ್ ಒಬ್ಬರಿದ್ದಾರೆ. ಚಿಕ್ಕಂದಿನಲ್ಲಿ ನನಗೆ ಸೂಜಿ ಚುಚ್ಚಿದವರು, ನಮ್ಮ ಮದುವೆಯಲ್ಲಿ ಅಕ್ಷತೆ ಹಾಕಿದವರು. ತೊಂದರೆಯೇ ಅದು. ಅದಕ್ಕಿಂತ ದೊಡ್ಡ ತೊಂದರೆ ಅವರ ದವಾಖಾನೆಯ ಬೆಂಚು. ಪೇಶಂಟುಗಳೆಲ್ಲ ಡಾಕ್ಟರ ಮೇಜಿನ ಎದುರಿಗೇ ಸಾಲಾಗಿ ಕೂತು, ಒಬ್ಬರ ರೋಗಕ್ಕೆ ಉಳಿದವರು ಸಲಹೆ ಕೊಡುವುದು ಅಲ್ಲಿನ ಪದ್ಧತಿ. ನಿಮ್ಮ ಭೇದಿಯ ಸುದ್ದಿ ನೀವು ಮನೆ ಮುಟ್ಟುವ ಮೊದಲೇ ಚಿತ್ತಾಪುರದ ಬೀಗರಿಗೆ ಮುಟ್ಟಿರುತ್ತದೆ.

ಹಾಗಾಗಿ ಗುರುತಿಲ್ಲದ ಡಾಕ್ಟರನ್ನು ಹುಡುಕಿಕೊಂಡು, ರೈಲಿನಲ್ಲಿ ಚಿತ್ತಾಪುರ, ವಾಡಿ ದಾಟಿ ಶಹಾಬಾದಿಗೆ ಹೋದೆ. ಅಲ್ಲಿನ ದವಾಖಾನೆಯ ಮೆಟ್ಟಿಲ ಮೇಲೆ ನಮ್ಮ ಓಣಿಯ ಕಿರಾಣಿ ಅಂಗಡಿಯವರು, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತಿದ್ದರು.

"ಏನ್ ಸರ್, ಇಲ್ಲಿ?"

"ಕೆಮ್ಮು. ನೀವು?"

"ಹಲ್ಲು ನೋವ್ರಿ."

ಅದು ಹಲ್ಲಿನ ದವಾಖಾನೆಯಲ್ಲ. ನನಗೆ ಕೆಮ್ಮೂ ಇರಲಿಲ್ಲ. "ನೀವು ಮೊದಲು ಹೋಗ್ರಿ" ಎಂದು ಒಬ್ಬರನ್ನೊಬ್ಬರು ಒತ್ತಾಯಿಸಿ, ಯಾರೂ ಒಳಗೆ ಹೋಗದೆ, ಚಹಾ ಕುಡಿದು ಒಂದೇ ರೈಲಿಗೆ ವಾಪಸಾದೆವು. ದಾರಿಯುದ್ದಕ್ಕೂ ತೊಗರಿ ಧಾರಣೆಯ ಚರ್ಚೆ.

"ಶಹಾಬಾದದ ಚಹಾಕ್ಕ ನನ್ನ ಉರಿ ಹೋಗ್ತದೇನ್ರಿ?" ಎಂದ ಹೆಂಡತಿ, ಮರುದಿನ ನನ್ನನ್ನು ಕಾಯಂ ಡಾಕ್ಟರ ಹತ್ತಿರವೇ ಕರೆದೊಯ್ದಳು.

ನೋಡಿದರೆ, ಬೆಂಚು ಹೊರಗಿನ ಪಡಸಾಲೆಗೆ ಬಂದಿದೆ. ಡಾಕ್ಟರ ಕೋಣೆಗೆ ದಪ್ಪ ಪರದೆ. ಪರದೆಯ ಈಚೆ, ನಮ್ಮ ಮುಂದೆ, ದೊಡ್ಡದೊಂದು ಕೂಲರ್ ಭರ್ರನೆ ತಿರುಗುತ್ತಿದೆ. ಒಳಗಿನ ಒಂದು ಮಾತೂ ಕೇಳುವಂತಿಲ್ಲ. ಚಿಂಚೋಳಿ ಕಡೆಯ ಸುಲೇಪೇಟದಿಂದ ಮೊಣಕಾಲು ತೋರಿಸಲು ಬಂದಿದ್ದ ಅಜ್ಜಿಗೆ ಸಿಟ್ಟು ಬಂದಿತ್ತು.

"ಮಂದಿ ಬ್ಯಾನಿ ಕೇಳಲಿಲ್ಲಂದ್ರ ನಮಗ ಟೈಮ್ ಹೆಂಗ ಹೋಗಬೇಕು?"

ಅಜ್ಜಿಯ ಪಾಳಿ ಬಂತು. ಒಳಗೆ ಹೋದಳು. ಕೂಲರಿನ ಗದ್ದಲವನ್ನೂ ಮೀರಿ ಅವಳ ನಗು ಕೇಳಿಸಿತು. ಆಮೇಲೆ ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಬಂದವಳು ನನ್ನ ಹೆಂಡತಿಯ ಪಕ್ಕ ಕೂತಳು.

"ಮೊಣಕಾಲಿಗಿ ಬಂದಾಕಿಗಿ ಕೆಳಗ ಏನರ ತ್ರಾಸ ಅದೇನವ್ವಾ ಅಂತಾನ, ಹುಚ್ಚ! ಈಗ ಎಲ್ಲಾರಿಗೂ ಕೇಳ್ತಾನಂತ." ಸೆರಗಿನಿಂದ ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು. "ಗರ್ಭಚೀಲ ಜಾರಿ ಭಾಳ ವರ್ಷ ಆಯ್ತು ತಂಗಿ. ಯಾರೂ ಕೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ."

ನಾವು ಒಳಗೆ ಹೋದೆವು.

"ಏನಪಾ?" ಅಂದರು ಡಾಕ್ಟರ್.

"ಕೆಮ್ಮು."

"ಎಲ್ಲಿ, ಕೆಮ್ಮು ನೋಡಣು."

ಕೆಮ್ಮಿದೆ.

"ನಾಟಕದಾಗ ಪಾರ್ಟ್ ಸಿಗಂಗಿಲ್ಲ ನಿಂಗ. ಕೆಳಗ ಏನರ ತ್ರಾಸ?"

ಇಲ್ಲ ಅಂದೆ. ಹೆಂಡತಿ ನನ್ನ ಮುಖ ನೋಡಿದಳು. ಮುಂದಿನದೇ ವಿವಾದ. ನಾನೇ ಧೈರ್ಯವಾಗಿ, ಸ್ಪಷ್ಟವಾಗಿ ಎಲ್ಲ ಹೇಳಿದೆ ಅಂತ ನನ್ನ ನೆನಪು. "ಹೇಳಿದಾಕಿ ನಾನು. ನೀವು ಕೂಲರ್ ನೋಡ್ಲಿಕತ್ತಿದ್ರಿ" ಅನ್ನುತ್ತಾಳೆ ಅವಳು. ಕೂಲರ್ ಪರದೆಯ ಆಚೆ ಇತ್ತು, ಒಳಗಿನಿಂದ ಕಾಣುವಂತಿರಲಿಲ್ಲ. ಅವಳ ಸಾಕ್ಷ್ಯದಲ್ಲಿ ಇದೊಂದು ದೋಷವನ್ನು ನಾನು ಇಂದಿಗೂ ಕಾಪಾಡಿಕೊಂಡು ಬಂದಿದ್ದೇನೆ.

ಡಾಕ್ಟರ್ ನನ್ನನ್ನು ಪರೀಕ್ಷಿಸಿ ಇಬ್ಬರಿಗೂ ಗುಳಿಗೆ ಬರೆದರು. "ಯಾರಿಂದ ಯಾರಿಗಿ ಬಂತು ಅಂತ ಮನ್ಯಾಗ ಪಂಚಾಯ್ತಿ ಬ್ಯಾಡ. ಇಬ್ಬರೂ ಕೂಡೇ ನುಂಗ್ರಿ. ಮುಗಿಯೋ ತನಕ ಬ್ಯಾರೆ ಬ್ಯಾರೆ ಮಲಗ್ರಿ. ಮುಗದ ಮ್ಯಾಲ ಇಬ್ಬರೂ ಬಂದು ತೋರಸ್ರಿ."

ಹೊರಗೆ ಬಂದರೆ ಬೆಂಚಿನ ತುದಿಯಲ್ಲಿ ಅದೇ ಟವೆಲ್.

"ಹಲ್ಲೇನ್ರಿ?" ಅಂದೆ.

"ಹಲ್ಲೇರಿ."

"ಹೋಗ್ರಿ, ಹೋಗ್ರಿ. ಈ ಕೂಲರ್ ಗದ್ದಲದಾಗ ಯಾರಿಗೂ ಏನೂ ಕೇಳಂಗಿಲ್ಲ."

ಅವರು ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎದ್ದರು.

ಗುಳಿಗೆ ಮುಗಿದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಾ, ತಿರುಗಿಯೂ ನೋಡದೆ, "ನೋವು ಹೋಯ್ತು ನೋಡ್ರಿ" ಅಂದಳು ಹೆಂಡತಿ. ಡಾಕ್ಟರ್ ಹೇಳಿದ್ದರೆಂದು ಮತ್ತೆ ಇಬ್ಬರೂ ಹೋಗಿ ತೋರಿಸಿಕೊಂಡು ಬಂದೆವು. ಇಬ್ಬರಿಗೂ ಏನೂ ಉಳಿದಿಲ್ಲ ಅಂದರು. ಆ ಸಂತೋಷದಲ್ಲಿ ಪರದೆಯ ಬಣ್ಣ ನೋಡುವುದು ಇಬ್ಬರಿಗೂ ಮರೆತೇ ಹೋಯಿತು.